ವಿಶ್ವವಿದ್ಯಾಲಯಗಳ ಆನ್‌ಲೈನ್ ಶಿಕ್ಷಣದಲ್ಲಿ ಮುಕ್ತ ಆಕರ ತಂತ್ರಾಂಶ

ವಿಶ್ವವಿದ್ಯಾಲಯಗಳು ಅಂತರಜಾಲದ ಮೂಲಕ ಪಾಠ ನಡೆಸಲು, ಅಧ್ಯಯನ ಸಾಮಗ್ರಿಯನ್ನು ಹಂಚಲು, ವಿದ್ಯಾರ್ಥಿಗಳ ಉತ್ತರ ಮತ್ತು ಅಂಕಗಳನ್ನು ನಿರ್ವಹಿಸಲು ಬಳಸುವ ತಂತ್ರಾಂಶಗಳಲ್ಲಿ ಕೆಲವು ವಾಣಿಜ್ಯ ಸಂಸ್ಥೆಗಳ ಸ್ವತ್ತಾಗಿದ್ದು, ಅವುಗಳ ಒಳರಚನೆಯನ್ನು ಬಳಕೆದಾರರು ನೋಡುವಂತಿಲ್ಲ. ಇನ್ನು ಕೆಲವುಗಳ ಆಕರ ಸಂಕೇತ, ಅಂದರೆ ಪ್ರೋಗ್ರಾಮರುಗಳು ಬರೆದ ಮೂಲ ಪಠ್ಯ, ಎಲ್ಲರಿಗೂ ತೆರೆದಿದ್ದು, ಅದನ್ನು ಓದುವ, ತಿದ್ದುವ ಮತ್ತು ಮರುಹಂಚುವ ಹಕ್ಕನ್ನು ಪರವಾನಗಿಯೇ ನೀಡುತ್ತದೆ. ಈ ಎರಡನೆಯ ವರ್ಗಕ್ಕೆ ಮುಕ್ತ ಆಕರ ತಂತ್ರಾಂಶ ಎಂದು ಹೆಸರು. ಮೂಡಲ್, ಸಕಾಯ್, ಇಲಿಯಾಸ್, ಓಪನ್ ಎಡ್‌ಎಕ್ಸ್ ಮುಂತಾದ ಕಲಿಕಾ ನಿರ್ವಹಣಾ ವ್ಯವಸ್ಥೆಗಳೂ ಬಿಗ್‌ಬ್ಲೂಬಟನ್, ಓಪನ್‌ಕಾಸ್ಟ್, ಸ್ಟ್ಯಾಕ್, ಜುಪಿಟರ್‌ಹಬ್ ಮುಂತಾದ ವಿಶೇಷ ಸಾಧನಗಳೂ ಇದರಲ್ಲಿ ಸೇರುತ್ತವೆ.

ಇವುಗಳಲ್ಲಿ ಬಹುಪಾಲು ಹುಟ್ಟಿದ್ದು ವಿಶ್ವವಿದ್ಯಾಲಯಗಳ ಒಳಗೇ, ಬೋಧನೆಯ ನಿತ್ಯದ ಅಗತ್ಯಗಳಿಂದ. ಹುಟ್ಟಿದ ಮೇಲೆ ಅವುಗಳನ್ನು ಯಾರು ಪೋಷಿಸಬೇಕು, ಖರ್ಚನ್ನು ಯಾರು ಹೊರಬೇಕು ಎಂಬ ಪ್ರಶ್ನೆಗೆ ಬೇರೆ ಬೇರೆ ಯೋಜನೆಗಳು ಬೇರೆ ಬೇರೆ ಉತ್ತರ ಕಂಡುಕೊಂಡವು. ಯಾವ ತಂತ್ರಾಂಶ ಉಳಿಯಿತು, ಯಾವುದು ಹಿಂದೆ ಸರಿಯಿತು ಎಂಬುದನ್ನು ಆಯಾ ತಂತ್ರಾಂಶದ ಗುಣದಷ್ಟೇ ಈ ಪೋಷಣೆಯ ಏರ್ಪಾಡೂ ನಿರ್ಧರಿಸಿರುವುದು ಇದರ ಚರಿತ್ರೆಯಲ್ಲಿ ಎದ್ದು ಕಾಣುವ ಅಂಶ.

ಪರವಾನಗಿಗಳು

ತಂತ್ರಾಂಶದ ಸ್ವಾತಂತ್ರ್ಯದ ವಿಚಾರಕ್ಕೆ ಸಂಘಟಿತ ರೂಪ ಬಂದದ್ದು 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಗ್ನೂ ಯೋಜನೆಯನ್ನು ಘೋಷಿಸಿದಾಗ. 1989ರಲ್ಲಿ ಪ್ರಕಟವಾದ ಗ್ನೂ ಸಾರ್ವಜನಿಕ ಪರವಾನಗಿ, ಅಂದರೆ ಜಿಪಿಎಲ್, ತಂತ್ರಾಂಶವನ್ನು ಬಳಸುವ, ತಿದ್ದುವ ಹಕ್ಕನ್ನು ಕೊಡುವುದರ ಜೊತೆಗೆ, ತಿದ್ದಿದ ಆವೃತ್ತಿಯನ್ನು ಇತರರಿಗೆ ಹಂಚುವವರು ಅದರ ಆಕರ ಸಂಕೇತವನ್ನೂ ಅದೇ ಷರತ್ತಿನ ಮೇಲೆ ಕೊಡಬೇಕೆಂದು ವಿಧಿಸುತ್ತದೆ. 1998ರಲ್ಲಿ ಓಪನ್ ಸೋರ್ಸ್ ಇನಿಶಿಯೇಟಿವ್ ಸಂಸ್ಥೆ ಸ್ಥಾಪನೆಯಾಗಿ, ಇಂಥ ಪರವಾನಗಿಗಳಿಗೆ ಇರಬೇಕಾದ ಲಕ್ಷಣಗಳನ್ನು ಗುರುತಿಸಿತು.

ಆನ್‌ಲೈನ್ ಶಿಕ್ಷಣದಲ್ಲಿ ತಂತ್ರಾಂಶವು ವಿದ್ಯಾರ್ಥಿಯ ಗಣಕಕ್ಕೆ ಹೋಗುವುದಿಲ್ಲ. ಅದು ಸರ್ವರಿನಲ್ಲಿ ನಡೆಯುತ್ತದೆ, ವಿದ್ಯಾರ್ಥಿ ಬ್ರೌಸರಿನ ಮೂಲಕ ಅದನ್ನು ತಲುಪುತ್ತಾನೆ. ಇಲ್ಲಿ ಹಂಚಿಕೆಯೇ ನಡೆಯದ ಕಾರಣ, ಜಿಪಿಎಲ್ ಅಡಿಯ ತಂತ್ರಾಂಶವನ್ನು ಒಂದು ಸಂಸ್ಥೆ ತಿದ್ದಿಕೊಂಡು ಸೇವೆಯಾಗಿ ಒದಗಿಸಿದರೆ, ಆ ತಿದ್ದುಪಡಿಗಳನ್ನು ಬಹಿರಂಗಪಡಿಸುವ ಬಾಧ್ಯತೆ ಅದಕ್ಕಿರುವುದಿಲ್ಲ. ಅಫೆರೊ ಜಿಪಿಎಲ್ ಈ ಸಂದನ್ನು ಮುಚ್ಚಿ, ಜಾಲದ ಮೂಲಕ ಬಳಸುವವರಿಗೂ ಆಕರ ಸಂಕೇತ ದೊರಕಬೇಕೆಂದು ಹೇಳುತ್ತದೆ. ಮೂಡಲ್ ಜಿಪಿಎಲ್ ಅಡಿಯಲ್ಲಿದ್ದರೆ, ಓಪನ್ ಎಡ್‌ಎಕ್ಸ್ ವೇದಿಕೆ ಮತ್ತು ಕ್ಯಾನ್ವಾಸ್ ಎಂಬ ಕಲಿಕಾ ನಿರ್ವಹಣಾ ವ್ಯವಸ್ಥೆ ಅಫೆರೊ ಜಿಪಿಎಲ್ ಅಡಿಯಲ್ಲಿವೆ. ಅಪಾಚೆ, ಎಂಐಟಿ, ಬಿಎಸ್‌ಡಿ ಪರವಾನಗಿಗಳು ಇಂಥ ಬಾಧ್ಯತೆಗಳನ್ನು ಹೇರುವುದಿಲ್ಲ. ಸಕಾಯ್ ಬಳಸುವ ಎಜುಕೇಶನಲ್ ಕಮ್ಯುನಿಟಿ ಲೈಸೆನ್ಸ್ ಅಪಾಚೆ ಪರವಾನಗಿಯದೇ ಒಂದು ರೂಪ. ವಿಶ್ವವಿದ್ಯಾಲಯಗಳ ಪೇಟೆಂಟ್ ಒಪ್ಪಂದಗಳಿಗೆ ಹೊಂದುವಂತೆ ಅದರ ಒಂದು ಕಲಮನ್ನು ಬದಲಿಸಲಾಗಿದೆ.

ಹಿನ್ನೆಲೆ

ಗಣಕದ ಮೂಲಕ ಬೋಧಿಸುವ ಪ್ರಯತ್ನಗಳು ಅಂತರಜಾಲಕ್ಕಿಂತ ಹಳೆಯವು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಆರಂಭವಾದ ಪ್ಲೇಟೊ ವ್ಯವಸ್ಥೆ ಇವುಗಳಲ್ಲಿ ಪ್ರಮುಖವಾದುದು. 1990ರ ದಶಕದಲ್ಲಿ ವೆಬ್ ಹರಡಿದ ಮೇಲೆ ಅನೇಕ ಅಧ್ಯಾಪಕರು ತಮ್ಮ ಪಾಠಗಳಿಗೆ ತಾವೇ ಪುಟಗಳನ್ನು ರಚಿಸತೊಡಗಿದರು. ಪ್ರತಿಯೊಬ್ಬರೂ ಪ್ರತ್ಯೇಕವಾಗಿ ಮಾಡುತ್ತಿದ್ದ ಈ ಕೆಲಸವನ್ನು ಒಂದೇ ಚೌಕಟ್ಟಿಗೆ ತಂದ ತಂತ್ರಾಂಶವೇ ಕಲಿಕಾ ನಿರ್ವಹಣಾ ವ್ಯವಸ್ಥೆ, ಬಳಕೆಯ ಮಾತಿನಲ್ಲಿ ಎಲ್‌ಎಂಎಸ್. ಪ್ರತಿ ವಿಷಯಕ್ಕೂ ಒಂದು ಕೋರ್ಸ್ ಪುಟ, ಅದರೊಳಗೆ ಪಾಠದ ಕಡತಗಳು, ಚರ್ಚಾ ವೇದಿಕೆ, ರಸಪ್ರಶ್ನೆ, ನಿಯೋಜಿತ ಕಾರ್ಯ ಸಲ್ಲಿಸುವ ಜಾಗ, ಅಂಕಪಟ್ಟಿ, ಯಾರು ಏನನ್ನು ನೋಡಬಹುದು, ತಿದ್ದಬಹುದು ಎಂಬ ಅಧಿಕಾರ ಹಂಚಿಕೆ ಇವು ಅದರ ಮುಖ್ಯ ಅಂಗಗಳು.

ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮರ್ರೆ ಗೋಲ್ಡ್‌ಬರ್ಗ್ ರೂಪಿಸಿದ ವೆಬ್‌ಸಿಟಿ ಮತ್ತು 1997ರಲ್ಲಿ ಸ್ಥಾಪನೆಯಾದ ಬ್ಲಾಕ್‌ಬೋರ್ಡ್ ಈ ಮಾರುಕಟ್ಟೆಯನ್ನು ಮೊದಲಿಗೆ ಆಳಿದವು. ವಿಶ್ವವಿದ್ಯಾಲಯದಲ್ಲೇ ಹುಟ್ಟಿದ ವೆಬ್‌ಸಿಟಿ ವಾಣಿಜ್ಯ ಸರಕಾಗಿ, 2006ರಲ್ಲಿ ಬ್ಲಾಕ್‌ಬೋರ್ಡ್‌ಗೆ ಸೇರಿಹೋಯಿತು. ಇದೇ ಕಾಲದಲ್ಲಿ ಯುರೋಪಿನಲ್ಲಿ ಬೇರೆ ದಾರಿ ತೆರೆಯುತ್ತಿತ್ತು. ಜರ್ಮನಿಯ ಕೊಲೋನ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದ ಕೊನೆಯಲ್ಲಿ ರೂಪುಗೊಂಡ ಇಲಿಯಾಸ್ 2000ದಲ್ಲಿ ಜಿಪಿಎಲ್ ಅಡಿ ಬಿಡುಗಡೆಯಾಯಿತು; ಸ್ವಿಟ್ಜರ್ಲೆಂಡಿನ ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿ ಓಲಾಟ್, ಬೆಲ್ಜಿಯಮ್ಮಿನ ಲೂವೆನ್ ಕ್ಯಾಥಲಿಕ್ ವಿಶ್ವವಿದ್ಯಾಲಯದಲ್ಲಿ ಕ್ಲಾರೊಲೈನ್ ಬೆಳೆದವು. ಕ್ಲಾರೊಲೈನ್‌ನ ಸಂಕೇತದಿಂದ ಡೋಕಿಯೋಸ್ ಕವಲೊಡೆಯಿತು. ಡೋಕಿಯೋಸ್‌ನಿಂದ 2010ರಲ್ಲಿ ಚಮಿಲೊ ಬೇರೆಯಾಯಿತು. ಮೂಲ ತಂಡದ ಜೊತೆ ಭಿನ್ನಾಭಿಪ್ರಾಯ ಬಂದಾಗ ಸಂಕೇತವನ್ನು ಕೊಂಡೊಯ್ದು ಬೇರೆ ಸಂಸಾರ ಹೂಡುವ ಈ ಅವಕಾಶ ಮುಕ್ತ ಆಕರ ತಂತ್ರಾಂಶಕ್ಕಷ್ಟೇ ಉಂಟು.

ಮೂಡಲ್

ಈ ವರ್ಗದಲ್ಲಿ ಅತ್ಯಂತ ವ್ಯಾಪಕವಾಗಿ ಬಳಕೆಯಾಗುತ್ತಿರುವ ಮೂಡಲ್ ಅನ್ನು ರೂಪಿಸಿದವರು ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಸ್. ಪಶ್ಚಿಮ ಆಸ್ಟ್ರೇಲಿಯಾದ ಒಳನಾಡಿನಲ್ಲಿ, ರೇಡಿಯೊ ಮೂಲಕ ಪಾಠ ನಡೆಸುವ ದೂರಶಾಲೆಯಲ್ಲಿ ಓದಿ ಬೆಳೆದ ಅವರು ಮುಂದೆ ಪರ್ತ್ ನಗರದ ಕರ್ಟಿನ್ ವಿಶ್ವವಿದ್ಯಾಲಯದಲ್ಲಿ ವೆಬ್‌ಸಿಟಿಯ ನಿರ್ವಾಹಕರಾಗಿದ್ದರು; ಆ ವ್ಯವಸ್ಥೆಯ ಮಿತಿಗಳೇ ಹೊಸದೊಂದರ ರಚನೆಗೆ ಪ್ರೇರಣೆಯಾದವು. ಮೂಡಲ್‌ನ ಮೊದಲ ಪೂರ್ಣ ಆವೃತ್ತಿ 2002ರ ಆಗಸ್ಟ್ 20ರಂದು ಹೊರಬಂತು. ಜ್ಞಾನವನ್ನು ಕಲಿಯುವವರು ಒಟ್ಟಾಗಿ, ಪರಸ್ಪರರಿಗಾಗಿ ಏನನ್ನಾದರೂ ರಚಿಸುತ್ತ ಕಟ್ಟಿಕೊಳ್ಳುತ್ತಾರೆ ಎಂಬ ಸಾಮಾಜಿಕ ರಚನಾವಾದದ ಬೋಧನಾ ತತ್ತ್ವ ಇದರ ಹಿಂದಿತ್ತು. ಆದ್ದರಿಂದಲೇ ಕಡತ ಹಂಚಿಕೆಗೆ ಇರುವಷ್ಟೇ ಪ್ರಾಶಸ್ತ್ಯ ಇಲ್ಲಿ ಚರ್ಚಾ ವೇದಿಕೆ, ಎಲ್ಲರೂ ಸೇರಿ ತುಂಬುವ ಪದಕೋಶ, ವಿಕಿ ಮತ್ತು ಸಹಪಾಠಿಗಳೇ ಪರಸ್ಪರರ ಬರಹವನ್ನು ಮೌಲ್ಯಮಾಪನ ಮಾಡುವ ಕಾರ್ಯಾಗಾರಕ್ಕೂ ಇದೆ.

ಪಿಎಚ್‌ಪಿ ಭಾಷೆಯಲ್ಲಿ ಬರೆದ ಮೂಡಲ್, ಮೈಎಸ್‌ಕ್ಯುಎಲ್ ಅಥವಾ ಪೋಸ್ಟ್‌ಗ್ರೆಸ್‌ಕ್ಯುಎಲ್‌ನಂಥ ಡೇಟಾಬೇಸಿನೊಂದಿಗೆ ಸಾಧಾರಣ ಲಿನಕ್ಸ್ ಸರ್ವರಿನಲ್ಲೂ ನಡೆಯುತ್ತದೆ. ದುಬಾರಿ ಯಂತ್ರ ಬೇಡದಿರುವುದು, ಪಿಎಚ್‌ಪಿ ಬಲ್ಲವರು ಎಲ್ಲೆಡೆ ಸಿಗುವುದು ಇವೆರಡೂ ಬಡ ದೇಶಗಳ ಸಣ್ಣ ಕಾಲೇಜುಗಳವರೆಗೆ ಅದು ಹರಡಲು ನೆರವಾದವು. ಇದರ ರಚನೆ ಬಿಡಿಭಾಗಗಳದು: ಪ್ರಶ್ನೆಯ ಬಗೆ, ಕೋರ್ಸ್ ಪುಟದ ವಿನ್ಯಾಸ, ಹಾಜರಾತಿ, ಪ್ರಮಾಣಪತ್ರ ಇವುಗಳಿಗೆಲ್ಲ ಪ್ಲಗಿನ್ ಎಂಬ ಪ್ರತ್ಯೇಕ ಘಟಕಗಳಿದ್ದು, ಮೂಲ ಸಂಕೇತವನ್ನು ಮುಟ್ಟದೆ ಅವುಗಳನ್ನು ಸೇರಿಸಬಹುದು, ತೆಗೆಯಬಹುದು.

ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 2005ರಲ್ಲಿ ಮೂಡಲ್ ಅನ್ನು ಆಯ್ದುಕೊಂಡದ್ದು ಅದರ ಬೆಳವಣಿಗೆಯಲ್ಲಿ ದೊಡ್ಡ ತಿರುವು. ದೂರಶಿಕ್ಷಣದಲ್ಲಿ ದಶಕಗಳ ಅನುಭವವಿದ್ದ ಆ ಸಂಸ್ಥೆ ತಂತ್ರಾಂಶವನ್ನು ಬಳಸುವುದಕ್ಕಷ್ಟೇ ನಿಲ್ಲದೆ ತನ್ನದೇ ಅಭಿವೃದ್ಧಿ ತಂಡವನ್ನು ಕಟ್ಟಿತು. ಆ ತಂಡದ ಟಿಮ್ ಹಂಟ್ ಬರೆದ ಹೊಸ ಪ್ರಶ್ನಾಯಂತ್ರ 2011ರಲ್ಲಿ ಮೂಡಲ್ 2.1ರೊಳಗೆ ಸೇರಿತು. ವಿದ್ಯಾರ್ಥಿ ಉತ್ತರಿಸಿದ ಕೂಡಲೇ ಸುಳಿವು ಕೊಟ್ಟು ಮತ್ತೆ ಪ್ರಯತ್ನಿಸಲು ಬಿಡುವ, ಪ್ರತಿ ತಪ್ಪು ಪ್ರಯತ್ನಕ್ಕೂ ಸ್ವಲ್ಪ ಅಂಕ ಕಳೆಯುವ ರಸಪ್ರಶ್ನೆಯ ಕ್ರಮಗಳು ಈ ಮೂಲಕ ಜಗತ್ತಿನ ಎಲ್ಲ ಮೂಡಲ್ ತಾಣಗಳಿಗೂ ದೊರಕಿದವು. ನ್ಯೂಜಿಲೆಂಡಿನಲ್ಲಿ ಸರ್ಕಾರದ ಉನ್ನತ ಶಿಕ್ಷಣ ನಿಧಿಯ ನೆರವಿನಿಂದ 2006ರಲ್ಲಿ ಆರಂಭವಾದ ಮಹಾರಾ ವಿದ್ಯಾರ್ಥಿಗಳು ತಮ್ಮ ಕೃತಿಗಳನ್ನು ಸಂಗ್ರಹಿಸಿ ತೋರಿಸುವ ಸಾಧನವಾಗಿ ಮೂಡಲ್‌ಗೆ ಜೋಡಿಯಾಯಿತು.

ಮೂಡಲ್ ಯೋಜನೆಯ ಆದಾಯದ ಮೂಲ ಅದರ ಪಾಲುದಾರ ಸಂಸ್ಥೆಗಳು. ಸರ್ವರ್ ಒದಗಿಸುವ, ತರಬೇತಿ ನೀಡುವ, ತಿದ್ದುಪಡಿ ಮಾಡಿಕೊಡುವ ಅಧಿಕೃತ ಪಾಲುದಾರರು ತಮ್ಮ ಗಳಿಕೆಯ ಒಂದು ಪಾಲನ್ನು ಪರ್ತ್‌ನಲ್ಲಿರುವ ಕೇಂದ್ರ ಸಂಸ್ಥೆಗೆ ಸಲ್ಲಿಸುತ್ತಾರೆ. ಅದರಿಂದ ಮೂಲ ಅಭಿವೃದ್ಧಿ ತಂಡದ ಸಂಬಳ ನಡೆಯುತ್ತದೆ. ವ್ಯಾಪಾರ ಚಿಹ್ನೆಯನ್ನು ಬಿಗಿಯಾಗಿ ಹಿಡಿದುಕೊಂಡು, ಸಂಕೇತವನ್ನು ಮುಕ್ತವಾಗಿ ಬಿಡುವ ಈ ಏರ್ಪಾಡು ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಯೋಜನೆಯನ್ನು ನಡೆಸಿಕೊಂಡು ಬಂದಿದೆ.

ಸಕಾಯ್ ಮತ್ತು ಒಕ್ಕೂಟದ ಮಾದರಿ

ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳು ಇನ್ನೊಂದು ಮಾದರಿಯನ್ನು ಪ್ರಯೋಗಿಸಿದವು. ಮಿಶಿಗನ್, ಇಂಡಿಯಾನಾ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳೂ ಎಂಐಟಿಯೂ ತಮ್ಮ ತಮ್ಮ ಎಲ್‌ಎಂಎಸ್‌ಗಳನ್ನು ಪ್ರತ್ಯೇಕವಾಗಿ ಕಟ್ಟುವ ಬದಲು ಒಟ್ಟಾಗಿ ಒಂದನ್ನು ಕಟ್ಟಲು ನಿರ್ಧರಿಸಿ, ಆಂಡ್ರೂ ಮೆಲನ್ ಪ್ರತಿಷ್ಠಾನದ ಧನಸಹಾಯದಿಂದ 2004ರಲ್ಲಿ ಸಕಾಯ್ ಯೋಜನೆಯನ್ನು ಆರಂಭಿಸಿದವು. ಮಿಶಿಗನ್‌ನ ಹಿಂದಿನ ವ್ಯವಸ್ಥೆಗೆ ಚೆಫ್ ಎಂಬ ಹೆಸರಿದ್ದುದರಿಂದ, ದೂರದರ್ಶನದ ಅಡುಗೆ ಸ್ಪರ್ಧೆಯಿಂದ ಪ್ರಸಿದ್ಧರಾಗಿದ್ದ ಜಪಾನಿ ಬಾಣಸಿಗ ಹಿರೊಯುಕಿ ಸಕಾಯ್ ಅವರ ಹೆಸರನ್ನು ಹೊಸದಕ್ಕೆ ಇಡಲಾಯಿತು. ಜಾವಾ ಭಾಷೆಯಲ್ಲಿ ರಚಿತವಾದ ಸಕಾಯ್, ಪಾಠದ ಜೊತೆಗೆ ಸಂಶೋಧನಾ ತಂಡಗಳ ಸಹಯೋಗಕ್ಕೂ ಸ್ಥಳ ಒದಗಿಸುವ ಉದ್ದೇಶ ಹೊಂದಿತ್ತು. ಸದಸ್ಯ ಸಂಸ್ಥೆಗಳು ಶುಲ್ಕವನ್ನೂ ಪ್ರೋಗ್ರಾಮರುಗಳ ಸಮಯವನ್ನೂ ನೀಡುತ್ತಿದ್ದವು. ಸಕಾಯ್ ಪ್ರತಿಷ್ಠಾನ ಮತ್ತು ಯುಪೋರ್ಟಲ್, ಸಿಎಎಸ್ ಮುಂತಾದ ವಿಶ್ವವಿದ್ಯಾಲಯ ತಂತ್ರಾಂಶಗಳನ್ನು ಪೋಷಿಸುತ್ತಿದ್ದ ಜಾಸಿಗ್ ಎರಡೂ 2012ರಲ್ಲಿ ಕೂಡಿ ಅಪೆರಿಯೊ ಪ್ರತಿಷ್ಠಾನವಾದವು. ಒಂದೇ ಗುಪ್ತಪದದಿಂದ ವಿಶ್ವವಿದ್ಯಾಲಯದ ಎಲ್ಲ ಸೇವೆಗಳನ್ನು ಪ್ರವೇಶಿಸಲು ನೆರವಾಗುವ ಸಿಎಎಸ್ ಮೂಲತಃ ಯೇಲ್ ವಿಶ್ವವಿದ್ಯಾಲಯದ ಕೊಡುಗೆ.

ಒಕ್ಕೂಟದ ಮಾದರಿಯ ದೌರ್ಬಲ್ಯವೂ ಸಕಾಯ್‌ನ ಚರಿತ್ರೆಯಲ್ಲೇ ಕಾಣುತ್ತದೆ. ಪ್ರತಿ ಸಂಸ್ಥೆಯೂ ತನ್ನ ಪ್ರೋಗ್ರಾಮರುಗಳನ್ನು ವರ್ಷಗಟ್ಟಲೆ ಉಳಿಸಿಕೊಳ್ಳಬೇಕಾಗಿತ್ತು. ಅವರು ಬಿಟ್ಟುಹೋದಾಗ ಅವರ ಭಾಗದ ಸಂಕೇತ ಅನಾಥವಾಗುತ್ತಿತ್ತು. ಇನ್‌ಸ್ಟ್ರಕ್ಚರ್ ಸಂಸ್ಥೆ 2011ರಲ್ಲಿ ತನ್ನ ಕ್ಯಾನ್ವಾಸ್ ಎಲ್‌ಎಂಎಸ್‌ನ ಆಕರ ಸಂಕೇತವನ್ನು ತೆರೆದು, ಅದನ್ನೇ ಕ್ಲೌಡ್ ಸೇವೆಯಾಗಿ ಮಾರತೊಡಗಿದ ಮೇಲೆ, ಸಕಾಯ್‌ನ ಸ್ಥಾಪಕರಾದ ನಾಲ್ಕೂ ಸಂಸ್ಥೆಗಳು ಕಾಲಕ್ರಮದಲ್ಲಿ ಕ್ಯಾನ್ವಾಸ್‌ಗೆ ಹೊರಳಿದವು. ಸಕಾಯ್ ಇತರ ಸದಸ್ಯರ ಕೈಯಲ್ಲಿ ಮುಂದುವರಿದಿದೆ.

ಪೇಟೆಂಟ್ ವಿವಾದ

2006ರ ಜನವರಿಯಲ್ಲಿ ಬ್ಲಾಕ್‌ಬೋರ್ಡ್ ಸಂಸ್ಥೆಗೆ ಅಮೆರಿಕದಲ್ಲಿ ಆನ್‌ಲೈನ್ ಕಲಿಕಾ ವ್ಯವಸ್ಥೆಯ ಮೇಲೆ ಪೇಟೆಂಟ್ ದೊರೆಯಿತು. ಒಬ್ಬನೇ ಬಳಕೆದಾರ ಒಂದು ಕೋರ್ಸಿನಲ್ಲಿ ಶಿಕ್ಷಕನಾಗಿ, ಇನ್ನೊಂದರಲ್ಲಿ ವಿದ್ಯಾರ್ಥಿಯಾಗಿ ಇರಬಹುದಾದ ಪಾತ್ರ ಹಂಚಿಕೆಯಂಥ ಸಾಮಾನ್ಯ ಲಕ್ಷಣಗಳೂ ಅದರ ವ್ಯಾಪ್ತಿಗೆ ಬರುತ್ತಿದ್ದವು. ಅದೇ ಜುಲೈಯಲ್ಲಿ ಸಂಸ್ಥೆ ಕೆನಡಾದ ಪ್ರತಿಸ್ಪರ್ಧಿ ಡಿಸೈರ್‌ಟುಲರ್ನ್ ಮೇಲೆ ದಾವೆ ಹೂಡಿದಾಗ, ಮುಕ್ತ ಆಕರ ಯೋಜನೆಗಳಿಗೂ ಇದೇ ಗತಿ ಬರಬಹುದೆಂಬ ಆತಂಕ ವಿಶ್ವವಿದ್ಯಾಲಯಗಳಲ್ಲಿ ಹರಡಿತು. ಸಾಫ್ಟ್‌ವೇರ್ ಫ್ರೀಡಂ ಲಾ ಸೆಂಟರ್ ಸಂಸ್ಥೆ ಮೂಡಲ್, ಸಕಾಯ್ ಮತ್ತು ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡಿದ್ದ ಎಟ್ಯೂಟರ್ ಪರವಾಗಿ ಪೇಟೆಂಟಿನ ಮರುಪರಿಶೀಲನೆಗೆ ಅರ್ಜಿ ಸಲ್ಲಿಸಿತು. 2007ರ ಫೆಬ್ರವರಿಯಲ್ಲಿ ಬ್ಲಾಕ್‌ಬೋರ್ಡ್, ಮುಕ್ತ ಆಕರ ಯೋಜನೆಗಳ ವಿರುದ್ಧ ಆ ಹಕ್ಕನ್ನು ಪ್ರಯೋಗಿಸುವುದಿಲ್ಲವೆಂದು ವಾಗ್ದಾನ ಮಾಡಿತು. 2008ರಲ್ಲಿ ಟೆಕ್ಸಾಸಿನ ಜ್ಯೂರಿ ಬ್ಲಾಕ್‌ಬೋರ್ಡ್ ಪರ ಸುಮಾರು 31 ಲಕ್ಷ ಡಾಲರ್ ಪರಿಹಾರ ಘೋಷಿಸಿದರೂ, 2009ರಲ್ಲಿ ಮೇಲ್ಮನವಿ ನ್ಯಾಯಾಲಯ ವಿವಾದಿತ ಹಕ್ಕುಗಳನ್ನು ಅಸಿಂಧುಗೊಳಿಸಿತು. ವರ್ಷಾಂತ್ಯಕ್ಕೆ ಎರಡೂ ಕಂಪನಿಗಳು ರಾಜಿಯಾದವು. ಮೂಡಲ್ ಸೇವೆ ಒದಗಿಸುತ್ತಿದ್ದ ಮೂಡಲ್‌ರೂಮ್ಸ್ ಮತ್ತು ನೆಟ್‌ಸ್ಪಾಟ್ ಸಂಸ್ಥೆಗಳನ್ನು 2012ರಲ್ಲಿ ಬ್ಲಾಕ್‌ಬೋರ್ಡೇ ಕೊಂಡುಕೊಂಡಿತು.

ಬೃಹತ್ ಕೋರ್ಸ್‌ಗಳು ಮತ್ತು ಓಪನ್ ಎಡ್‌ಎಕ್ಸ್

ಮೂಡಲ್ ಮತ್ತು ಸಕಾಯ್‌ಗಳು ಪ್ರವೇಶ ಪಡೆದ ವಿದ್ಯಾರ್ಥಿಗಳ ತರಗತಿಯನ್ನು ಗಮನದಲ್ಲಿಟ್ಟು ರೂಪುಗೊಂಡವು. ಪ್ರವೇಶದ ಕಟ್ಟುಪಾಡಿಲ್ಲದೆ ಲಕ್ಷಾಂತರ ಮಂದಿ ಒಟ್ಟಿಗೆ ಕಲಿಯುವ ಕೋರ್ಸ್‌ಗಳು, ಅಂದರೆ ಮೂಕ್‌ಗಳು, ಬೇರೆ ಬಗೆಯ ವೇದಿಕೆಯನ್ನು ಬೇಡಿದವು. ಎಂಐಟಿ 2001ರಲ್ಲಿ ಓಪನ್‌ಕೋರ್ಸ್‌ವೇರ್ ಯೋಜನೆಯನ್ನು ಘೋಷಿಸಿ ತನ್ನ ಪಾಠ ಸಾಮಗ್ರಿಯನ್ನು ಜಾಲದಲ್ಲಿ ಉಚಿತವಾಗಿ ಇರಿಸತೊಡಗಿತ್ತು. ಅದರಲ್ಲಿ ಓದುವ ಅವಕಾಶವಿತ್ತೇ ಹೊರತು ಪರೀಕ್ಷೆಯಾಗಲಿ ಪ್ರಮಾಣಪತ್ರವಾಗಲಿ ಇರಲಿಲ್ಲ. 2012ರ ಮಾರ್ಚ್‌ನಲ್ಲಿ ಅದೇ ಸಂಸ್ಥೆ ವಿದ್ಯುನ್ಮಂಡಲಗಳು ಮತ್ತು ಎಲೆಕ್ಟ್ರಾನಿಕ್ಸ್ ಕುರಿತ ಪೂರ್ಣ ಕೋರ್ಸನ್ನು ಆರಂಭಿಸಿದಾಗ ಸುಮಾರು 1.55 ಲಕ್ಷ ಮಂದಿ ಹೆಸರು ನೋಂದಾಯಿಸಿದರು. ಉತ್ತೀರ್ಣರಾದವರು 7 ಸಾವಿರದಷ್ಟು. ಅದನ್ನು ಮುನ್ನಡೆಸಿದವರು ಮಂಗಳೂರಿನಲ್ಲಿ ಬೆಳೆದು, ಮದ್ರಾಸಿನ ಐಐಟಿಯಲ್ಲಿ ಓದಿದ ಪ್ರಾಧ್ಯಾಪಕ ಅನಂತ್ ಅಗರ್ವಾಲ್. ಅದೇ ಮೇ ತಿಂಗಳಲ್ಲಿ ಎಂಐಟಿ ಮತ್ತು ಹಾರ್ವರ್ಡ್ ತಲಾ 3 ಕೋಟಿ ಡಾಲರ್ ತೊಡಗಿಸಿ ಎಡ್‌ಎಕ್ಸ್ ಎಂಬ ಲಾಭರಹಿತ ಸಂಸ್ಥೆಯನ್ನು ಸ್ಥಾಪಿಸಿದವು. ಅಗರ್ವಾಲ್ ಅದರ ಮುಖ್ಯಸ್ಥರಾದರು.

ವೇದಿಕೆಯ ಆಕರ ಸಂಕೇತ 2013ರ ಜೂನ್ 1ರಂದು ಓಪನ್ ಎಡ್‌ಎಕ್ಸ್ ಎಂಬ ಹೆಸರಿನಲ್ಲಿ ಬಿಡುಗಡೆಯಾಯಿತು. ಪೈಥಾನ್ ಭಾಷೆಯಲ್ಲಿ ರಚಿತವಾದ ಇದರಲ್ಲಿ, ಪಾಠವನ್ನು ರಚಿಸುವ ಸ್ಟುಡಿಯೊ ಮತ್ತು ವಿದ್ಯಾರ್ಥಿ ಬಳಸುವ ಎಲ್‌ಎಂಎಸ್ ಎಂಬ ಎರಡು ಪ್ರತ್ಯೇಕ ಭಾಗಗಳಿವೆ. ವೀಡಿಯೊ, ಪ್ರಶ್ನೆ, ಪ್ರಯೋಗದ ಅನುಕರಣೆ ಮುಂತಾದ ಪ್ರತಿ ಅಂಶವೂ ಎಕ್ಸ್‌ಬ್ಲಾಕ್ ಎಂಬ ಘಟಕವಾಗಿರುತ್ತದೆ. ಚೀನಾದ ತ್ಸಿಂಗ್‌ಹುವಾ ವಿಶ್ವವಿದ್ಯಾಲಯದ ಶುಎತಾಂಗ್‌ಎಕ್ಸ್, ಫ್ರಾನ್ಸಿನ ಸರ್ಕಾರಿ ಬೆಂಬಲದ ಫನ್, ಮುಂಬಯಿಯ ಐಐಟಿಬಾಂಬೆಎಕ್ಸ್ ಇದೇ ಸಂಕೇತದ ಮೇಲೆ ನಿಂತವು. ಇದರ ಆವೃತ್ತಿಗಳಿಗೆ ಆಸ್ಪೆನ್, ಬರ್ಚ್, ಸೈಪ್ರಸ್ ಎಂದು ಇಂಗ್ಲಿಷ್ ಅಕಾರಾದಿಯಲ್ಲಿ ಮರಗಿಡಗಳ ಹೆಸರಿಡುವ ರೂಢಿಯಿದೆ.

2021ರಲ್ಲಿ ಎಡ್‌ಎಕ್ಸ್ ತಾಣವನ್ನು 2ಯು ಎಂಬ ವಾಣಿಜ್ಯ ಕಂಪನಿ 80 ಕೋಟಿ ಡಾಲರಿಗೆ ಕೊಂಡುಕೊಂಡಿತು. ಮಾರಾಟದ ಹಣದಿಂದ ಹಾರ್ವರ್ಡ್ ಮತ್ತು ಎಂಐಟಿಗಳು ರಚಿಸಿದ ಲಾಭರಹಿತ ಸಂಸ್ಥೆ, ಇಂದಿನ ಹೆಸರಿನಲ್ಲಿ ಆಕ್ಸಿಮ್ ಕೊಲ್ಯಾಬೊರೇಟಿವ್, ಓಪನ್ ಎಡ್‌ಎಕ್ಸ್ ಸಂಕೇತದ ಪಾಲನೆಯನ್ನು ವಹಿಸಿಕೊಂಡಿತು. 2024ರಲ್ಲಿ 2ಯು ದಿವಾಳಿ ರಕ್ಷಣೆ ಕೋರಿ ಅಮೆರಿಕದ ನ್ಯಾಯಾಲಯದ ಮೊರೆ ಹೋದಾಗ, ಅದೇ ತಂತ್ರಾಂಶದ ಮೇಲೆ ಬೇರೆ ದೇಶಗಳಲ್ಲಿ ನಡೆಯುತ್ತಿದ್ದ ತಾಣಗಳಿಗೆ ಅದರಿಂದ ಧಕ್ಕೆ ತಟ್ಟಲಿಲ್ಲ. ತಾಣದ ಒಡೆತನವೂ ಸಂಕೇತದ ಪಾಲನೆಯೂ ಬೇರೆ ಬೇರೆ ಕೈಗಳಲ್ಲಿದ್ದುದರ ಫಲ ಇದು.

ತರಗತಿ, ದೃಶ್ಯಮುದ್ರಣ ಮತ್ತು ಮೌಲ್ಯಮಾಪನದ ಸಾಧನಗಳು

ಎಲ್‌ಎಂಎಸ್ ಒಂದೇ ಎಲ್ಲ ಕೆಲಸ ಮಾಡುವುದಿಲ್ಲ. ನೇರ ತರಗತಿಗಾಗಿ ಕೆನಡಾದ ಒಟ್ಟಾವಾ ನಗರದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ 2007ರಲ್ಲಿ ಆರಂಭವಾದ ಬಿಗ್‌ಬ್ಲೂಬಟನ್, ಸಾಮಾನ್ಯ ಸಭೆಗಳ ತಂತ್ರಾಂಶಕ್ಕಿಂತ ಭಿನ್ನವಾಗಿ ಬೋಧನೆಗೆಂದೇ ರೂಪಿತವಾದುದು: ಹಲವರು ಒಟ್ಟಿಗೆ ಬರೆಯಬಲ್ಲ ಬಿಳಿಹಲಗೆ, ಹಂಚಿಕೆಯ ಟಿಪ್ಪಣಿ, ತಕ್ಷಣದ ಮತಗಣನೆ, ವಿದ್ಯಾರ್ಥಿಗಳನ್ನು ಸಣ್ಣ ಗುಂಪುಗಳಾಗಿ ಒಡೆಯುವ ಕೋಣೆಗಳು ಇದರಲ್ಲಿವೆ. ಆರಂಭದಲ್ಲಿ ಇದು ಅಡೋಬಿ ಸಂಸ್ಥೆಯ ಫ್ಲ್ಯಾಶ್ ತಂತ್ರಜ್ಞಾನವನ್ನು ಅವಲಂಬಿಸಿತ್ತು. ಫ್ಲ್ಯಾಶ್‌ಗೆ ಬೆಂಬಲ 2020ರ ಕೊನೆಗೆ ನಿಲ್ಲುವುದೆಂದು ತಿಳಿದಾಗ ಬಳಕೆದಾರರ ಭಾಗವನ್ನು ಹೊಸದಾಗಿ ಬರೆಯಬೇಕಾಯಿತು. 2020ರ ಕೊರೊನಾ ಸಾಂಕ್ರಾಮಿಕದ ಕಾಲದಲ್ಲಿ, ವಿದ್ಯಾರ್ಥಿಗಳ ದತ್ತಾಂಶ ಹೊರ ಕಂಪನಿಗಳಿಗೆ ಹೋಗಬಾರದೆಂಬ ಕಾಳಜಿಯಿದ್ದ ಜರ್ಮನಿಯಲ್ಲಿ ಅನೇಕ ವಿಶ್ವವಿದ್ಯಾಲಯಗಳು ಇದನ್ನು ತಮ್ಮದೇ ಸರ್ವರುಗಳಲ್ಲಿ ನಡೆಸಿದವು. 2022ರ ಮೂಡಲ್ 4.0 ಆವೃತ್ತಿಯಲ್ಲಿ ಬಿಗ್‌ಬ್ಲೂಬಟನ್ ಜೋಡಣೆ ಮೂಲ ತಂತ್ರಾಂಶದ ಭಾಗವಾಯಿತು. ಉಪನ್ಯಾಸಗಳನ್ನು ಸಭಾಂಗಣದಲ್ಲೇ ತಾನಾಗಿ ಚಿತ್ರೀಕರಿಸಿ, ಸಂಸ್ಕರಿಸಿ, ಕೋರ್ಸ್ ಪುಟಕ್ಕೆ ಸೇರಿಸುವ ಓಪನ್‌ಕಾಸ್ಟ್, ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ಆರಂಭವಾಗಿ ಮುಂದೆ ಯುರೋಪಿನಲ್ಲಿ ಬೇರೂರಿತು.

ಮೌಲ್ಯಮಾಪನದಲ್ಲಿ ಗಣಿತಕ್ಕೆ ಸಂಬಂಧಿಸಿದ ಸಾಧನಗಳು ವಿಶೇಷ ಗಮನಕ್ಕೆ ಅರ್ಹ. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲೇ ವೆಬ್‌ವರ್ಕ್ ರೂಪುಗೊಂಡಿತ್ತು. ಬ್ರಿಟನ್ನಿನ ಕ್ರಿಸ್ ಸ್ಯಾಂಗ್‌ವಿನ್ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಸ್ಟ್ಯಾಕ್, ಮೂಡಲ್ ಮತ್ತು ಇಲಿಯಾಸ್‌ಗಳೊಳಗೆ ಪ್ರಶ್ನೆಯ ಒಂದು ಬಗೆಯಾಗಿ ಕೆಲಸ ಮಾಡುತ್ತದೆ. ಒಂದು ಫಲನದ ಅನುಕಲನವನ್ನು ಕೇಳುವ ಪ್ರಶ್ನೆಯನ್ನು ತೆಗೆದುಕೊಂಡರೆ, ವ್ಯವಸ್ಥೆ ಪ್ರತಿ ವಿದ್ಯಾರ್ಥಿಗೂ ಬೇರೆ ಬೇರೆ ಸಹಗುಣಕಗಳುಳ್ಳ ಫಲನವನ್ನು ಕೊಡುತ್ತದೆ. ವಿದ್ಯಾರ್ಥಿ ಆಯ್ಕೆಗಳಲ್ಲಿ ಒಂದನ್ನು ಒತ್ತುವ ಬದಲು ಉತ್ತರವನ್ನು ಬೀಜಗಣಿತದ ರೂಪದಲ್ಲೇ ಬರೆಯುತ್ತಾನೆ. ಹಿಂದೆ ಕೆಲಸ ಮಾಡುವ ಮ್ಯಾಕ್ಸಿಮಾ ಎಂಬ ಮುಕ್ತ ಬೀಜಗಣಿತ ತಂತ್ರಾಂಶ ಆ ಉತ್ತರದ ಅವಕಲನ ತೆಗೆದು ಮೂಲ ಫಲನದೊಂದಿಗೆ ಹೋಲಿಸುತ್ತದೆ. ಉತ್ತರವನ್ನು ಯಾವ ರೂಪದಲ್ಲಿ ಬರೆದರೂ, ಬೆಲೆ ಸಮವಾಗಿದ್ದರೆ ಸರಿಯೆಂದು ಒಪ್ಪಿಕೊಳ್ಳುತ್ತದೆ. ಅನುಕಲನದ ಸ್ಥಿರಾಂಕವನ್ನು ಬಿಟ್ಟವರಿಗೆ ಆ ಲೋಪವನ್ನೇ ಬೊಟ್ಟುಮಾಡಿ ಅಂಕದಲ್ಲಿ ಒಂದು ಪಾಲು ಕಳೆಯುವಂತೆ ಅಧ್ಯಾಪಕರು ಮೊದಲೇ ಹೊಂದಿಸಿಡಬಹುದು. ನೂರಾರು ವಿದ್ಯಾರ್ಥಿಗಳ ಪ್ರಥಮ ವರ್ಷದ ತರಗತಿಯಲ್ಲಿ ಪ್ರತಿ ಲೆಕ್ಕಕ್ಕೂ ಕೂಡಲೇ ಹಿಮ್ಮಾಹಿತಿ ಸಿಗುವುದು ಇಂಥ ಸಾಧನದಿಂದ ಸಾಧ್ಯವಾಗಿದೆ.

ಪ್ರೋಗ್ರಾಮಿಂಗ್ ಮತ್ತು ದತ್ತಾಂಶ ವಿಜ್ಞಾನದ ಪಾಠಗಳಲ್ಲಿ ಜುಪಿಟರ್‌ಹಬ್ ಪ್ರಮುಖ ಪಾತ್ರ ವಹಿಸುತ್ತದೆ. ವಿದ್ಯಾರ್ಥಿ ತನ್ನ ಗಣಕದಲ್ಲಿ ಏನನ್ನೂ ಸ್ಥಾಪಿಸಿಕೊಳ್ಳದೆ, ಬ್ರೌಸರಿನಲ್ಲೇ ವಿವರಣೆ, ಸಂಕೇತ ಮತ್ತು ಫಲಿತಾಂಶ ಒಟ್ಟಿಗಿರುವ ನೋಟ್‌ಬುಕ್ಕನ್ನು ತೆರೆದು ಕೆಲಸ ಮಾಡಬಹುದು; ಲೆಕ್ಕಾಚಾರವೆಲ್ಲ ವಿಶ್ವವಿದ್ಯಾಲಯದ ಸರ್ವರಿನಲ್ಲಿ ನಡೆಯುತ್ತದೆ. ವೀಡಿಯೊದ ನಡುವೆ ಪ್ರಶ್ನೆ, ಎಳೆದು ಹೊಂದಿಸುವ ಚಟುವಟಿಕೆ ಮುಂತಾದವನ್ನು ಪ್ರೋಗ್ರಾಮಿಂಗ್ ತಿಳಿಯದ ಅಧ್ಯಾಪಕರೂ ರಚಿಸಲು ನಾರ್ವೆಯಲ್ಲಿ ಹುಟ್ಟಿದ ಎಚ್‌ಫೈವ್‌ಪಿ ನೆರವಾಗುತ್ತದೆ.

ಮಾನಕಗಳು

ಇಷ್ಟೊಂದು ಬಿಡಿ ಸಾಧನಗಳು ಒಟ್ಟಿಗೆ ಕೆಲಸ ಮಾಡಬೇಕಾದರೆ ಅವು ಪರಸ್ಪರ ಮಾತನಾಡುವ ರೀತಿಗೆ ಒಪ್ಪಿತ ನಿಯಮಗಳು ಬೇಕು. ಒಂದು ವ್ಯವಸ್ಥೆಯಲ್ಲಿ ರಚಿಸಿದ ಪಾಠವನ್ನು ಇನ್ನೊಂದರಲ್ಲಿ ನಡೆಸಲು ಅನುವು ಮಾಡುವ ಸ್ಕಾರ್ಮ್ ಮಾನಕವನ್ನು ಅಮೆರಿಕದ ರಕ್ಷಣಾ ಇಲಾಖೆಯ ಎಡಿಎಲ್ ಯೋಜನೆ ರೂಪಿಸಿತು. 2001ರ ಅದರ 1.2ನೇ ಆವೃತ್ತಿ ಇಂದಿಗೂ ಬಳಕೆಯಲ್ಲಿದೆ. ಐಎಂಎಸ್ ಗ್ಲೋಬಲ್ ಸಂಸ್ಥೆ 2010ರಲ್ಲಿ ಹೊರತಂದ ಎಲ್‌ಟಿಐ ಇನ್ನೂ ದೂರಗಾಮಿ ಪರಿಣಾಮ ಬೀರಿತು. ವಿದ್ಯಾರ್ಥಿ ಕೋರ್ಸ್ ಪುಟದಲ್ಲಿ ಒಂದು ಕೊಂಡಿಯನ್ನು ಒತ್ತಿದಾಗ, ಎಲ್‌ಎಂಎಸ್ ಅವನ ಗುರುತು, ಪಾತ್ರ ಮತ್ತು ಕೋರ್ಸಿನ ವಿವರಗಳನ್ನು ಡಿಜಿಟಲ್ ಸಹಿಯೊಂದಿಗೆ ಹೊರಗಿನ ಸಾಧನಕ್ಕೆ ಕಳುಹಿಸುತ್ತದೆ. ವಿದ್ಯಾರ್ಥಿ ಮತ್ತೆ ಗುಪ್ತಪದ ನೀಡದೆ ಅಲ್ಲಿ ಕೆಲಸ ಮುಗಿಸಿದ ಮೇಲೆ ಅಂಕ ತಾನಾಗಿಯೇ ಅಂಕಪಟ್ಟಿಗೆ ಮರಳುತ್ತದೆ. ಸಕಾಯ್‌ನ ಮುಖ್ಯ ವಿನ್ಯಾಸಕಾರರಲ್ಲಿ ಒಬ್ಬರಾದ ಚಾರ್ಲ್ಸ್ ಸೆವೆರೆನ್ಸ್ ಇದರ ರಚನೆಯಲ್ಲೂ ಪ್ರಮುಖರು. ಈ ಮಾನಕದಿಂದಾಗಿ ವಾಣಿಜ್ಯ ಎಲ್‌ಎಂಎಸ್ ಬಳಸುವ ವಿಶ್ವವಿದ್ಯಾಲಯವೂ ಮುಕ್ತ ಆಕರ ಸಾಧನಗಳನ್ನು ಅದಕ್ಕೆ ಜೋಡಿಸಿಕೊಳ್ಳುವುದು ಸಾಧ್ಯವಾಯಿತು.

ಭಾರತದಲ್ಲಿ

ಭಾರತದಲ್ಲಿ ಈ ಕ್ಷೇತ್ರದ ಆರಂಭದ ಸ್ವಂತ ಪ್ರಯತ್ನಗಳಲ್ಲಿ ಕಾನ್ಪುರದ ಐಐಟಿಯ ಪ್ರಾಧ್ಯಾಪಕ ವೈ. ಎನ್. ಸಿಂಗ್ ಅವರ ತಂಡ ಜಾವಾದಲ್ಲಿ ರೂಪಿಸಿದ ಬೃಹಸ್ಪತಿ ಎಲ್‌ಎಂಎಸ್ ಒಂದು. 2009ರಲ್ಲಿ ಆರಂಭವಾದ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ಮೂಲಕ ಶಿಕ್ಷಣದ ರಾಷ್ಟ್ರೀಯ ಅಭಿಯಾನ ಹಲವು ಯೋಜನೆಗಳಿಗೆ ಹಣ ಒದಗಿಸಿತು. ಮುಂಬಯಿಯ ಐಐಟಿಯಲ್ಲಿ ಪ್ರಾಧ್ಯಾಪಕ ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದಲ್ಲಿ ರೂಪುಗೊಂಡ ಸ್ಪೋಕನ್ ಟ್ಯುಟೋರಿಯಲ್ ಮುಕ್ತ ತಂತ್ರಾಂಶಗಳ ಬಳಕೆಯನ್ನು ಕಿರು ವೀಡಿಯೊಗಳಲ್ಲಿ ಕಲಿಸುತ್ತದೆ. ಪಕ್ಕದಲ್ಲಿ ತಂತ್ರಾಂಶವನ್ನು ತೆರೆದಿಟ್ಟುಕೊಂಡು ವಿದ್ಯಾರ್ಥಿ ತಾನೇ ಮಾಡಿ ಕಲಿಯುವಂತೆ ಅವು ರಚಿತವಾಗಿವೆ, ಧ್ವನಿಯನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಮಾರ್ಪಡಿಸಲಾಗಿದೆ. ಅದೇ ಸಂಸ್ಥೆಯ ಫಾಸೀ ಯೋಜನೆ, ಇಂಜಿನಿಯರಿಂಗ್ ಪಠ್ಯಪುಸ್ತಕಗಳ ಬಿಡಿಸಿದ ಲೆಕ್ಕಗಳಿಗೆ ವಿದ್ಯಾರ್ಥಿಗಳಿಂದಲೇ ಸೈಲ್ಯಾಬ್ ಮತ್ತು ಪೈಥಾನ್ ಸಂಕೇತ ಬರೆಸಿ ಸಾರ್ವಜನಿಕಗೊಳಿಸುತ್ತ, ದುಬಾರಿ ವಾಣಿಜ್ಯ ತಂತ್ರಾಂಶಗಳ ಅವಲಂಬನೆಯನ್ನು ತಗ್ಗಿಸಲು ಶ್ರಮಿಸಿದೆ.

ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್, 2014ರಿಂದ ಪ್ರಮಾಣಪತ್ರ ಸಹಿತ ಆನ್‌ಲೈನ್ ಕೋರ್ಸ್‌ಗಳನ್ನು ಆರಂಭಿಸಿದಾಗ ಗೂಗಲ್ ಮುಕ್ತವಾಗಿ ಬಿಡುಗಡೆ ಮಾಡಿದ್ದ ಕೋರ್ಸ್ ಬಿಲ್ಡರ್ ಅನ್ನು ಬಳಸಿಕೊಂಡಿತು. 2017ರ ಜುಲೈ 9ರಂದು ಲೋಕಾರ್ಪಣೆಯಾದ ಸ್ವಯಂ ಎಂಬ ಸರ್ಕಾರಿ ಮೂಕ್ ವೇದಿಕೆಯ ಕೋರ್ಸ್‌ಗಳಿಂದ ಒಂದು ಸೆಮಿಸ್ಟರಿನ ಶೇ. 20ರವರೆಗಿನ ಕ್ರೆಡಿಟ್ ಪಡೆಯಲು ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2016ರ ನಿಯಮ ಅವಕಾಶ ಕೊಟ್ಟಿತ್ತು. 2021ರ ನಿಯಮ ಅದನ್ನು ಶೇ. 40ಕ್ಕೆ ಏರಿಸಿತು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾ ಪ್ರಬಂಧ ಭಂಡಾರ ಮತ್ತು ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಇಜ್ಞಾನಕೋಶ ಇವೆರಡೂ ಎಂಐಟಿ ಮತ್ತು ಎಚ್‌ಪಿ ಸಂಸ್ಥೆಗಳು 2002ರಲ್ಲಿ ಬಿಡುಗಡೆ ಮಾಡಿದ ಡಿಸ್ಪೇಸ್ ತಂತ್ರಾಂಶವನ್ನು ಆಧರಿಸಿವೆ.

ಕನ್ನಡದಲ್ಲಿ ಬಳಕೆ

ಮುಕ್ತ ಆಕರ ವ್ಯವಸ್ಥೆಗಳನ್ನು ಸ್ಥಳೀಯ ಭಾಷೆಗೆ ತರಲು ಮೂಲ ಸಂಸ್ಥೆಯ ವ್ಯಾಪಾರ ಲೆಕ್ಕಾಚಾರವನ್ನು ಕಾಯಬೇಕಿಲ್ಲ. ಮೂಡಲ್‌ನ ಗುಂಡಿಗಳು, ಸೂಚನೆಗಳು, ದೋಷಸಂದೇಶಗಳೆಲ್ಲ ಬಿಡಿ ವಾಕ್ಯಗಳಾಗಿ ಅನುವಾದ ಜಾಲತಾಣದಲ್ಲಿ ದೊರೆಯುತ್ತವೆ. ಸ್ವಯಂಸೇವಕರು ಅವನ್ನು ತುಂಬುತ್ತಾರೆ. ಕನ್ನಡದ ಭಾಷಾ ಪೊಟ್ಟಣವೂ ಅಲ್ಲಿದೆ. ಅನುವಾದವಾಗದೆ ಉಳಿದ ವಾಕ್ಯಗಳು ಇಂಗ್ಲಿಷಿನಲ್ಲೇ ಕಾಣಿಸುವುದರಿಂದ ಎರಡೂ ಭಾಷೆ ಬೆರೆತ ಪುಟ ವಿದ್ಯಾರ್ಥಿಯ ಎದುರಿಗೆ ಬರುತ್ತದೆ.

ತಾಂತ್ರಿಕ ತೊಡಕುಗಳು ಎರಡು ಬಗೆಯವು. ನುಡಿ, ಬರಹ ಎಂಬ ಕನ್ನಡ ಬೆರಳಚ್ಚು ತಂತ್ರಾಂಶಗಳ ಹಳೆಯ ಸಂಕೇತೀಕರಣದಲ್ಲಿ ಬೆರಳಚ್ಚಾದ ಪಾಠದ ಟಿಪ್ಪಣಿಗಳು ಆಯಾ ಅಕ್ಷರಶೈಲಿ ಇರುವ ಗಣಕದಲ್ಲಷ್ಟೇ ಕನ್ನಡವಾಗಿ ಕಾಣುತ್ತವೆ. ಕೋರ್ಸ್ ಪುಟಕ್ಕೆ ಅಂಟಿಸಿದರೆ ಅವು ಅರ್ಥವಿಲ್ಲದ ರೋಮನ್ ಅಕ್ಷರಗಳಾಗುತ್ತವೆ, ಹುಡುಕಿದರೂ ಸಿಗುವುದಿಲ್ಲ. ಹೀಗಾಗಿ ಯೂನಿಕೋಡ್‌ಗೆ ಪರಿವರ್ತಿಸುವ ಕೆಲಸ ಮೊದಲು ಮುಗಿಯಬೇಕು. ಎರಡನೆಯದು ಮುದ್ರಣದ್ದು: ಮೂಡಲ್ ಪಿಡಿಎಫ್ ರಚಿಸಲು ಬಳಸುವ ಘಟಕಕ್ಕೆ ಭಾರತೀಯ ಲಿಪಿಗಳ ಜೋಡಣೆ ತಿಳಿಯದ ಕಾರಣ, ತೆರೆಯ ಮೇಲೆ ಸರಿಯಾಗಿ ಕಾಣುವ ಹೆಸರಿನ ಒತ್ತಕ್ಷರಗಳು ಪ್ರಮಾಣಪತ್ರದಲ್ಲಿ ಬಿಡಿಬಿಡಿಯಾಗಿ ಅಚ್ಚಾಗಬಹುದು. ಸಂಕೇತ ತೆರೆದಿರುವುದರಿಂದ ಇದನ್ನು ಸರಿಪಡಿಸುವುದು ಕನ್ನಡ ಬಲ್ಲ ಪ್ರೋಗ್ರಾಮರುಗಳ ಕೈಯಲ್ಲೇ ಇದೆ.

ಕನ್ನಡದ ವಿಷಯವಸ್ತುವಿನಲ್ಲಿ ಎರಡು ಬೆಳವಣಿಗೆಗಳು ಗಮನಾರ್ಹ. ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶದ ಹಲವು ಸಂಪುಟಗಳನ್ನು 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಮರುಬಳಕೆಗೆ ತೆರೆಯಿತು. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ ಭಾಷಾ ವಿದ್ಯಾರ್ಥಿಗಳು ಕನ್ನಡ ವಿಕಿಪೀಡಿಯಕ್ಕೆ ಲೇಖನ ಬರೆಯುವುದನ್ನು ಪಠ್ಯದ ಭಾಗವಾಗಿಸುವ ಕಾರ್ಯಕ್ರಮ ನಡೆಯಿತು. ವಿಕಿಪೀಡಿಯದ ಹಿಂದಿರುವ ಮೀಡಿಯಾವಿಕಿಯೂ ಮುಕ್ತ ಆಕರ ತಂತ್ರಾಂಶವೇ.

ವೆಚ್ಚ, ನಿರ್ವಹಣೆ ಮತ್ತು ಮಿತಿಗಳು

ಪರವಾನಗಿ ಶುಲ್ಕವಿಲ್ಲದಿರುವುದನ್ನು ಖರ್ಚಿಲ್ಲವೆಂದು ತಿಳಿಯುವುದು ಈ ಕ್ಷೇತ್ರದ ಸಾಮಾನ್ಯ ತಪ್ಪು. ಸರ್ವರ್, ವಿದ್ಯುತ್, ಬ್ಯಾಂಡ್‌ವಿಡ್ತ್, ದಿನನಿತ್ಯದ ಬ್ಯಾಕಪ್, ಭದ್ರತಾ ತಿದ್ದುಪಡಿಗಳ ಅಳವಡಿಕೆ, ಅಧ್ಯಾಪಕರ ತರಬೇತಿ, ಪರೀಕ್ಷೆಯ ಹೊತ್ತಿನಲ್ಲಿ ಒಮ್ಮೆಲೇ ಏರುವ ಒತ್ತಡವನ್ನು ತಡೆಯುವ ಸಿದ್ಧತೆ ಇವುಗಳಿಗೆ ಹಣವೂ ಜನರೂ ಬೇಕು. ಮೂಲ ಸಂಕೇತವನ್ನೇ ಸ್ಥಳೀಯವಾಗಿ ತಿದ್ದಿಕೊಂಡ ಸಂಸ್ಥೆಗಳು ಹೊಸ ಆವೃತ್ತಿ ಬಂದಾಗಲೆಲ್ಲ ಆ ತಿದ್ದುಪಡಿಗಳನ್ನು ಮತ್ತೆ ಹೊಂದಿಸಬೇಕಾಗುತ್ತದೆ. ಅದು ಬೇಸರವಾಗಿ ಹಳೆಯ ಆವೃತ್ತಿಯಲ್ಲೇ ಉಳಿದವು ಭದ್ರತಾ ದೋಷಗಳಿಗೆ ತುತ್ತಾಗುತ್ತವೆ. ಪ್ಲಗಿನ್ ಬರೆದವರು ಕೈಬಿಟ್ಟರೆ ಅದನ್ನು ನೆಚ್ಚಿಕೊಂಡ ಕೋರ್ಸ್‌ಗಳೂ ಕೆಡುತ್ತವೆ.

ಇದಕ್ಕೆ ಪ್ರತಿಯಾಗಿ ದೊರೆಯುವ ಲಾಭಗಳೂ ಗಣನೀಯ. ವಿದ್ಯಾರ್ಥಿಗಳ ದತ್ತಾಂಶ ಎಲ್ಲಿದೆ, ಯಾರು ನೋಡುತ್ತಾರೆ ಎಂಬುದು ವಿಶ್ವವಿದ್ಯಾಲಯದ ಹಿಡಿತದಲ್ಲಿರುತ್ತದೆ; ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ದತ್ತಾಂಶ ರಕ್ಷಣಾ ನಿಯಮ ಮತ್ತು ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಹಿನ್ನೆಲೆಯಲ್ಲಿ ಇದರ ಮಹತ್ವ ಹೆಚ್ಚಿದೆ. ಸೇವೆ ಒದಗಿಸುವವರು ಬೆಲೆ ಏರಿಸಿದರೆ ಅಥವಾ ಬಾಗಿಲು ಮುಚ್ಚಿದರೆ ಅದೇ ತಂತ್ರಾಂಶವನ್ನು ಬೇರೆಯವರಿಂದ ನಡೆಸಿಕೊಳ್ಳಬಹುದು. ಅಂಧರಿಗೆ ತೆರೆ ಓದುವ ತಂತ್ರಾಂಶದೊಂದಿಗೆ ಹೊಂದಾಣಿಕೆಯಂಥ ಸುಧಾರಣೆಯನ್ನು ಒಂದು ಸಂಸ್ಥೆ ಮಾಡಿದರೆ ಎಲ್ಲರಿಗೂ ಅದು ಸಿಗುತ್ತದೆ; ಎಟ್ಯೂಟರ್ ಆರಂಭದಿಂದಲೂ ಈ ಸುಗಮ್ಯತೆಯನ್ನೇ ಮುಖ್ಯ ಗುರಿಯಾಗಿಸಿಕೊಂಡಿತ್ತು.

ಈ ಲಾಭಗಳು ಎಲ್ಲ ಸಂಸ್ಥೆಗಳಿಗೂ ಸಮನಾಗಿ ದಕ್ಕುವುದಿಲ್ಲ. ಸ್ವಂತ ತಾಂತ್ರಿಕ ತಂಡವುಳ್ಳ ವಿಶ್ವವಿದ್ಯಾಲಯ ಓಪನ್ ಯೂನಿವರ್ಸಿಟಿಯಂತೆ ತಂತ್ರಾಂಶದ ದಿಕ್ಕನ್ನೇ ಪ್ರಭಾವಿಸಬಲ್ಲದು. ಅಂಥ ತಂಡವಿಲ್ಲದ ಕಾಲೇಜು ಸಂಕೇತ ತೆರೆದಿದ್ದರೂ ಹೊರಗಿನ ಸೇವಾದಾರರನ್ನೇ ಅವಲಂಬಿಸುತ್ತದೆ, ಮತ್ತು ಆಗ ಅದಕ್ಕೆ ಉಳಿಯುವುದು ಸೇವಾದಾರರನ್ನು ಬದಲಿಸುವ ಸ್ವಾತಂತ್ರ್ಯ ಮಾತ್ರ. ಸಂಯೋಜಿತ ಕಾಲೇಜುಗಳು ನೂರಾರು ಸಂಖ್ಯೆಯಲ್ಲಿರುವ ಭಾರತದ ವಿಶ್ವವಿದ್ಯಾಲಯಗಳಲ್ಲಿ, ಪ್ರತಿ ಕಾಲೇಜೂ ಪ್ರತ್ಯೇಕ ಸರ್ವರ್ ನಡೆಸುವುದಕ್ಕಿಂತ ವಿಶ್ವವಿದ್ಯಾಲಯದ ಮಟ್ಟದಲ್ಲಿ ಒಂದು ತಂಡ ಎಲ್ಲವನ್ನೂ ನೋಡಿಕೊಳ್ಳುವ ಕೂಡುವ್ಯವಸ್ಥೆಯೇ ಹೆಚ್ಚು ಕಾರ್ಯಸಾಧ್ಯವಾದುದು. ಪರವಾನಗಿ ಕೊಡುವ ಹಕ್ಕುಗಳನ್ನು ಚಲಾಯಿಸಬಲ್ಲ ಸಿಬ್ಬಂದಿಯ ನೇಮಕ ಮತ್ತು ಅವರನ್ನು ಉಳಿಸಿಕೊಳ್ಳುವ ಅನುದಾನ ಇವೆರಡೂ, ತಂತ್ರಾಂಶದ ಆಯ್ಕೆಯಷ್ಟೇ, ಇಂಥ ಯೋಜನೆಗಳ ಫಲಿತಾಂಶವನ್ನು ನಿರ್ಧರಿಸುತ್ತವೆ.